ಬಂಗಾರದ ಬಣ್ಣವೂ ಬೇಹಾರದ ಲಾಭವೂ

ಒಂದೇ ಅಂಗಡಿಯಲ್ಲಿ ಹಲವು ಸರಕುಗಳು ಹಲವು ಬಗೆಯ ಲಾಭಕ್ಕೆ ಮಾರಾಟವಾದಾಗ, ಒಟ್ಟಿನಲ್ಲಿ ನೂರಕ್ಕೆ ಎಷ್ಟು ಲಾಭ ಬಂದಿತೆಂದು ತಿಳಿಯುವುದು ವರ್ತಕನಿಗೆ ಅವಶ್ಯಕ. ಶೇಕಡಾ ಲಾಭಗಳನ್ನು ಕೂಡಿಸಿ ಸರಕುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕೆಂದು ಮೊದಲ ನೋಟಕ್ಕೆ ತೋರುವುದು. ಆದರೆ ಈ ಎಣಿಕೆಯು ತಪ್ಪು. ಇದನ್ನು ತಿದ್ದುವ ನ್ಯಾಯವು ಸಾವಿರ ವರ್ಷಗಳಿಗೂ ಹಿಂದೆಯೇ, ಅಕ್ಕಸಾಲಿಗನ ಮೂಸೆಯ ಲೆಕ್ಕವಾಗಿ, ಹೇಳಲ್ಪಟ್ಟಿತ್ತು.

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಮಿಶ್ರಕವ್ಯವಹಾರವೆಂಬ ಪ್ರಕರಣದಲ್ಲಿ ಬಡ್ಡಿಯ ಲೆಕ್ಕ, ಪಾಲುಗಾರರ ಹಂಚಿಕೆ ಮೊದಲಾದವುಗಳೊಡನೆ ಚಿನ್ನದ ಲೆಕ್ಕವೂ ಬರುತ್ತದೆ. ಚಿನ್ನದ ಶುದ್ಧಿಯನ್ನು ಆಗ ‘ವರ್ಣ’ದಿಂದ ಅಳೆಯುತ್ತಿದ್ದರು, 16 ವರ್ಣದ ಚಿನ್ನವೇ ಅಪ್ಪಟವಾದುದು. ಹಲವು ತುಂಡುಗಳನ್ನು ಕರಗಿಸಿ ಬೆರೆಸಿದಾಗ, ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕೆಂಬುದು ಆಚಾರ್ಯನ ವಿಧಿ. 12 ವರ್ಣದ 3 ಗದ್ಯಾಣ ಚಿನ್ನಕ್ಕೆ 16 ವರ್ಣದ 1 ಗದ್ಯಾಣವನ್ನು ಬೆರೆಸಿದರೆ ಮಿಶ್ರಣದ ವರ್ಣವು 14 ಅಲ್ಲ, 13.

ಇಲ್ಲಿ ತೂಕದ ಸ್ಥಾನದಲ್ಲಿ ಅಸಲನ್ನೂ, ವರ್ಣದ ಸ್ಥಾನದಲ್ಲಿ ಶೇಕಡಾ ಲಾಭವನ್ನೂ ಇಟ್ಟರೆ ವರ್ತಕನ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. 900 ರೂಪಾಯಿಗಳ ಅಕ್ಕಿಯ ಮೇಲೆ ನೂರಕ್ಕೆ 10ರಂತೆಯೂ, 100 ರೂಪಾಯಿಗಳ ರೇಷ್ಮೆಯ ಮೇಲೆ ನೂರಕ್ಕೆ 50ರಂತೆಯೂ ಲಾಭ ಬಂದಿತೆನ್ನೋಣ. ಬರಿಯ ಸರಾಸರಿಯು 30 ಎನ್ನುವುದು. ನಿಜವಾದ ಲಾಭವಾದರೋ 90ಕ್ಕೆ 50 ಕೂಡಿ 140 ರೂಪಾಯಿ. ಎಂದರೆ ಸಾವಿರದ ಬಂಡವಾಳಕ್ಕೆ ನೂರಕ್ಕೆ 14 ಮಾತ್ರ. 30 ಎಂದೇ ನಂಬಿ ಪಾಲುಗಾರರಿಗೆ 300 ರೂಪಾಯಿಗಳನ್ನು ಹಂಚಿದವನು, ತನಗರಿವಿಲ್ಲದೆಯೇ 160 ರೂಪಾಯಿಗಳನ್ನು ಮೂಲಧನದಿಂದ ತೆಗೆದು ಕೊಟ್ಟಂತಾಯಿತು. ಲಾಭದ ಹೆಸರಿನಲ್ಲಿಯೇ ಅಂಗಡಿಯು ಕರಗುವ ಬಗೆಯಿದು.

ಬಂಡವಾಳಗಳು ಸಮವಾಗಿದ್ದರೆ ಬರಿಯ ಸರಾಸರಿಯು ಸರಿಹೋಗುವುದು. ಶೇಕಡಾವನ್ನು ಅಸಲಿನ ಮೇಲೆ ಎಣಿಸಿದ್ದರೆ ಅಸಲೇ ತೂಕ. ಮಾರಿದ ಬೆಲೆಯ ಮೇಲೆ ಎಣಿಸಿದ್ದರೆ ಆ ಬೆಲೆಯೇ ತೂಕ.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವೇ ಮೊದಲಾದ ಗ್ರಂಥಗಳನ್ನು ಬರೆದು ಲೆಕ್ಕದ ವಿದ್ಯೆಯನ್ನು ಕನ್ನಡಕ್ಕೆ ತಂದನು. ಮಹಾವೀರಾಚಾರ್ಯನ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಪಡಿಸಿದರು. ಗದ್ಯಾಣವೂ ವರ್ಣವೂ ಬಳಕೆಯಿಂದ ಮರೆಯಾದುವು. ತೂಗದೆ ಬೆರೆಸಬಾರದೆಂಬ ನ್ಯಾಯವು ಮಾತ್ರ ಚಿನ್ನಕ್ಕೂ ಲಾಭಕ್ಕೂ ಒಂದೇ ಆಗಿ ಉಳಿದಿದೆ.