ಬಿಡುವಿನ ಕೆಲಸ ಯಾರದು?

ಮೆಹದಿಪಟ್ಟಣಂನಲ್ಲಿ ಸ್ವೆಟರು ಬೇಕಾಗುವುದು ವರ್ಷಕ್ಕೆ ಕೆಲವೇ ವಾರ. ಆದರೂ ಅಲ್ಲಿನ ಹಾಸ್ಟೆಲಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಪರೀಕ್ಷೆಯ ಓದಿನ ನಡುವೆ ನೂಲುಂಡೆ ಹಿಡಿದು ಕೂತರೆ ಯಾರಿಗೂ ವಿಚಿತ್ರ ಅನಿಸದು. ಹವ್ಯಾಸ, ಅಷ್ಟೆ.

ಹೆಣಿಗೆ ಮೊದಲಿಂದ ಹವ್ಯಾಸವಾಗಿರಲಿಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಹೊಟ್ಟೆಪಾಡಿನ ಹೆಣಿಗೆ ನಿಧಾನಕ್ಕೆ ಯಂತ್ರದ ಪಾಲಾಯಿತು, ಕೈಗೆ ಉಳಿದದ್ದು ಖುಷಿ. ಕೊಕ್ಕೆಕಡ್ಡಿಯ ಕ್ರೋಶಾದ ಕತೆ ಬೇರೆ. ಅದನ್ನು ಕೈಯಂತೆಯೇ ಹಾಕುವ ಯಂತ್ರ ಇಂದಿಗೂ ಬಂದಿಲ್ಲ. ಮಾರುಕಟ್ಟೆಗೆ ಹೆಂಗಸರ ಬೆರಳೇ ಬೇಕು.

ಗೋದಾವರಿ ಸೀಮೆಯ ನರಸಾಪುರದಲ್ಲಿ 19ನೇ ಶತಮಾನದ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಮುಂದೆ ರಫ್ತಿನ ಸರಕಾಯಿತು. ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಅಲ್ಲಿನ ಲೆಕ್ಕ ಬಿಚ್ಚಿಟ್ಟರು. ಮನೆಗೆಲಸದ ಜೊತೆಗೆ ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹಾಕುವವರನ್ನು ಊರು ಕರೆಯುತ್ತಿದ್ದುದು ಗೃಹಿಣಿಯರೆಂದು. ಅವರ ದುಡಿಮೆ ‘ಬಿಡುವಿನ ಕೆಲಸ’. ಬಿಡುವಿನದಾದ ಮೇಲೆ ಪುಡಿಗಾಸು ಸಾಕಲ್ಲ! ಕಾರ್ಮಿಕರ ಲೆಕ್ಕಕ್ಕೂ ಬಹುಪಾಲು ಹೆಂಗಸರು ಸೇರಲಿಲ್ಲ.

2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಅದು ಕಾಯುವುದು ಲೇಸಿನ ಹೆಸರನ್ನು. ಹಾಕಿದವಳ ಕೂಲಿ ಅದರ ವ್ಯಾಪ್ತಿಗೆ ಬರುವುದಿಲ್ಲ.