ಅಣಿಯ ಹಿಂದಿನ ಹೆಸರು

ಕಾರ್ಕಳದಿಂದ ಪಡುಬಿದ್ರಿಗೆ ಹೋಗುವ ದಾರಿಯಲ್ಲಿ ನಿಟ್ಟೆ ಸಿಗುತ್ತದೆ. 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ದೂರದವರಿಗೆ ನಿಟ್ಟೆ ಎಂದರೆ ಆ ಕಾಲೇಜೇ. ಸುತ್ತಲಿನ ಹಳ್ಳಿಗಳವರಿಗೆ ಇದು ದೈವಗಳ ಸೀಮೆ. ದೀಪಾವಳಿ ಕಳೆದು ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ಬರುವವರೆಗೆ ಎಲ್ಲಾದರೊಂದು ಕಡೆ ನೇಮ, ಅಂದರೆ ದೈವ ಕುಣಿಯುವ ಉತ್ಸವ, ಇದ್ದೇ ಇರುತ್ತದೆ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಮನೆಯವರೊಂದಿಗೆ ಹೋಗಿ ಚಪ್ಪರದ ಬದಿಯಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಬೆಳಗಾಗುವಷ್ಟರಲ್ಲಿ ಇನ್‌ಸ್ಟಾಗ್ರಾಮ್ ತುಂಬ ದೊಂದಿಯ ಬೆಂಕಿ, ಕಾಲಿನ ಗಗ್ಗರದ ಸದ್ದು, ಬೆನ್ನಿಗೆ ಕಟ್ಟಿದ ಎತ್ತರದ ಅಲಂಕಾರವಾದ ಅಣಿ. ಮುಂಬಯಿಯಲ್ಲೋ ದುಬೈಯಲ್ಲೋ ಬೆಳೆದ ಎಷ್ಟೋ ಮಕ್ಕಳು ತಮ್ಮ ಕುಟುಂಬದ ದೈವವನ್ನು ಮೊದಲು ಕಾಣುವುದು ಈ ಪರದೆಯ ಮೇಲೆ. ಚಿತ್ರದ ಕೆಳಗೆ ‘ನಮ್ಮ ತುಳುನಾಡು’ ಎಂಬ ಸಾಲು, ಮೂಲೆಯಲ್ಲಿ ಫೋಟೋ ತೆಗೆದವನ ಹೆಸರು.

ದೈವದ ವೇಷ ಕಟ್ಟಿ ಕುಣಿದವರ ಹೆಸರು ಹೆಚ್ಚಿನ ಸಲ ಇರುವುದಿಲ್ಲ.

ಈ ಮರೆವು ಮೊಬೈಲಿನ ಜೊತೆ ಬಂದದ್ದಲ್ಲ, ಅದಕ್ಕೆ ನೂರು ವರ್ಷ ದಾಟಿದೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಮುಂದೆ ಅವರ ಕ್ಯಾಮೆರಾದಲ್ಲಿ ಹಂಚಿನ ಕಾರ್ಖಾನೆ, ಶಾಲೆ, ಇಗರ್ಜಿಗಳ ಜೊತೆಗೆ ಊರಿನ ಜನರೂ ಸೆರೆಯಾದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಮದರಾಸು ಮ್ಯೂಸಿಯಮ್ಮಿನ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 7 ಸಂಪುಟ ಹೊರತಂದ. ಅದರಲ್ಲಿ ದೈವ ಕಟ್ಟುವ ತುಳುನಾಡಿನ ನಲಿಕೆಯವರ, ಪರವರ ಚಿತ್ರಗಳಿವೆ. ಆ ಕಾಲದ ಕ್ಯಾಮೆರಾಕ್ಕೆ ದೊಂದಿಯ ಬೆಳಕು ಸಾಲುತ್ತಿರಲಿಲ್ಲ. ವೇಷ ತೊಟ್ಟವರು ಹಗಲು ಬೆಳಕಿನಲ್ಲಿ ಅಲುಗದೆ ನಿಲ್ಲಬೇಕಿತ್ತು. ಹಾಗೆ ನಿಂತವರ ಅಡಿಯಲ್ಲಿ ಅಚ್ಚಾದದ್ದು ಜಾತಿಯ ಹೆಸರು, ಪಕ್ಕದಲ್ಲಿ ‘ದೆವ್ವದ ಕುಣಿತದವ’ ಎಂಬರ್ಥದ ಇಂಗ್ಲಿಷ್ ಮಾತು. ನೇಮದ ದಿನ ಗುತ್ತಿನ ಮನೆಯ ಯಜಮಾನ ಕೈಮುಗಿದು ಎದುರು ನಿಲ್ಲುತ್ತಿದ್ದ ಮನುಷ್ಯ ಪುಸ್ತಕದಲ್ಲಿ ಒಂದು ಮಾದರಿಯಾಗಿಬಿಟ್ಟ. ಅವನಿಗೊಂದು ಮನೆ ಇತ್ತು, ವೀಳ್ಯ ಕೊಟ್ಟು ಕರೆಯುತ್ತಿದ್ದ ಊರುಗಳಿದ್ದವು ಎಂಬುದು ಆ ಪುಟದಿಂದ ತಿಳಿಯುವುದಿಲ್ಲ.

ಹೆಸರು ಅಳಿಸುವ ಈ ರೂಢಿಗೆ ವಿರುದ್ಧವಾಗಿ ನಡೆದ ಕೆಲಸವೂ ಈ ನೆಲದಲ್ಲೇ ಇದೆ. ಕು.ಶಿ. ಹರಿದಾಸ ಭಟ್ಟರು ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಜಾನಪದ ರಂಗಕಲೆಗಳ ಕೇಂದ್ರ ಕಟ್ಟಿದರು; ನೇಮ, ಯಕ್ಷಗಾನ, ಪಾಡ್ದನವೆಂಬ ಹಾಡುಗತೆಗಳ ಧ್ವನಿ ಮತ್ತು ವಿಡಿಯೋ ದಾಖಲೀಕರಣ ಅಲ್ಲಿ ಬೆಳೆಯಿತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಇಲ್ಲಿನ ವಿದ್ವಾಂಸರಾದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಹಾಡಿದ ಸಿರಿ ಎಂಬ ಹೆಣ್ಣಿನ ಕತೆಯ ತುಳು ಕಾವ್ಯವನ್ನು ದಾಖಲಿಸಿದರು. ಒಟ್ಟು 15,683 ಸಾಲು. 1998ರಲ್ಲಿ ಅದು ಪುಸ್ತಕವಾದಾಗ ತಲೆಬರಹದಲ್ಲೇ ಹಾಡಿದವರ ಹೆಸರು ಬಂತು: ಗೋಪಾಲ ನಾಯ್ಕರು ಹಾಡಿದ ಸಿರಿ. ಓದು ಬರಹ ಕಲಿಯದ ಬೇಸಾಯಗಾರರೊಬ್ಬರು ಜಗತ್ತಿನ ಗ್ರಂಥಾಲಯಗಳಲ್ಲಿ ಸ್ವಂತ ಹೆಸರಿನಿಂದ ನಿಂತರು. ತುಳುವರು ಹೆಮ್ಮೆಪಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

2022ರ ಸೆಪ್ಟೆಂಬರ್ 30ಕ್ಕೆ ‘ಕಾಂತಾರ’ ಸಿನಿಮಾ ತೆರೆಕಂಡಿತು. ಪಂಜುರ್ಲಿ, ಗುಳಿಗ ಎಂಬ ದೈವಗಳ ಹೆಸರು ದೇಶದ ಬಾಯಿಗೆ ಬಂದವು. ಶಾಲೆಯಲ್ಲಿ ತುಳು ಆಡಲು ಹಿಂಜರಿಯುತ್ತಿದ್ದ ಮಕ್ಕಳಿಗೆ ಅದು ಕೊಟ್ಟ ಧೈರ್ಯ ಸಣ್ಣದಲ್ಲ. ಅದರ ಬೆನ್ನಿಗೇ ಮುಖಕ್ಕೆ ಹಳದಿ ಬಳಿದು ‘ಓ’ ಎಂದು ಕೂಗುವ ರೀಲುಗಳೂ ಬಂದವು, ನಂಬಿದವರ ಮನಸ್ಸು ನೊಂದಿತು. 2025ರಲ್ಲಿ ಎರಡನೇ ಚಿತ್ರ ಬಂದಾಗ ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರತಂಡವೇ ಕೇಳಿಕೊಂಡಿತು. ಈ ನಡುವೆ, 2022ರ ಅಕ್ಟೋಬರಿನಲ್ಲಿ, 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಪ್ರಕಟಿಸಿತ್ತು. ಇಷ್ಟು ವರ್ಷ ಗಗ್ಗರ ಕಟ್ಟಿದ್ದೇನೆ ಎಂದು ಮುದುಕರೊಬ್ಬರು ತೋರಿಸಬೇಕಾಗಿ ಬಂದರೆ, ಊರು, ತಾರೀಕು, ಹೆಸರು ಬರೆದ ಒಂದು ಹಳೆಯ ಫೋಟೋ ಎಷ್ಟು ಉಪಕಾರಕ್ಕೆ ಬಂದೀತು!

ಮೊಬೈಲುಗಳು ಹೆಚ್ಚಾಗಿ ಮೇಲೇಳುವುದು ಗಗ್ಗರ ಕಟ್ಟಿದ ಮೇಲೆ. ಅದಕ್ಕೂ ಮೊದಲಿನ ಹೊತ್ತು ಯಾರ ಸ್ಟೇಟಸ್ಸಿಗೂ ಬರುವುದಿಲ್ಲ. ಚಪ್ಪರದ ಹಿಂದೆ ಚಾಪೆ ಹಾಸಿರುತ್ತದೆ. ನರ್ತಕರು ಪುಟ್ಟ ಕನ್ನಡಿ ಹಿಡಿದು ಅರದಳ ಹಚ್ಚಿಕೊಳ್ಳುತ್ತಾರೆ. ಮೊದಲು ಹಣೆ, ಆಮೇಲೆ ಕೆನ್ನೆ, ಕೊನೆಗೆ ಕಡ್ಡಿಯ ತುದಿಯಲ್ಲಿ ಕಪ್ಪು ಗೆರೆ. ಹುಡುಗನೊಬ್ಬ ತೆಂಗಿನ ಎಳೆಗರಿ ಸೀಳಿ ಸೊಂಟದ ಉಡುಗೆ ಹೆಣೆಯುತ್ತಿರುತ್ತಾನೆ. ಪಕ್ಕದಲ್ಲಿ ನರ್ತಕರ ತಾಯಿಯೋ ಹೆಂಡತಿಯೋ ತೆಂಬರೆ ಬಾರಿಸುತ್ತ, ದೈವ ಎಲ್ಲಿ ಹುಟ್ಟಿತು, ಯಾವ ಗಟ್ಟ ಇಳಿದು ಯಾವ ಬೂಡಿಗೆ ಬಂತು ಎಂಬ ಪಾಡ್ದನ ಹೇಳುತ್ತಾರೆ. ಆ ಊರಿನ ಚರಿತ್ರೆ ಇರುವುದು ಅಲ್ಲಿ. ಒಪ್ಪಿಗೆ ಕೇಳಿ ಅದನ್ನು ಹತ್ತು ನಿಮಿಷ ರೆಕಾರ್ಡ್ ಮಾಡಿ, ಹಾಡಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಎರಡು ಸಾಲು ಬರೆದಿಟ್ಟರೆ ಹದಿನಾರರ ಹುಡುಗಿಯೊಬ್ಬಳು ಥರ್ಸ್ಟನ್ ಮಾಡದ ಕೆಲಸ ಮಾಡಿದಂತೆ. ತುಳು ವಿಕಿಪೀಡಿಯ 2016ರಿಂದ ಇದೆ. ಇಂಥ ಬರಹಕ್ಕೆ ಅಲ್ಲಿ ಜಾಗವೂ ಇದೆ.

ಆದರೆ ಹೆಸರು ಬರೆಯಬಾರದ, ಚಿತ್ರವನ್ನೇ ತೆಗೆಯಬಾರದ ಜಾಗವೂ ಹತ್ತಿರದಲ್ಲೇ ಇದೆ. ನಿಟ್ಟೆಯಿಂದ ಬೆಳ್ಮಣ್ಣಿನ ಕಡೆಗೆ ಹೋದರೆ ನಂದಳಿಕೆ, ಕವಿ ಮುದ್ದಣನ ಊರು. ತನ್ನ ಕಾವ್ಯವನ್ನು ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿಗೆ ಕಳಿಸಿ ಹೆಸರು ಮುಚ್ಚಿಟ್ಟವನು ಆತ. ಅಲ್ಲಿ ಹುಣ್ಣಿಮೆಯ ರಾತ್ರಿ ಸಿರಿ ಜಾತ್ರೆ. ಗಂಡನನ್ನು ಬಿಟ್ಟು ಹೊರಟ ಸಿರಿ, ಅವಳ ಮೊಮ್ಮಕ್ಕಳಾದ ಅಬ್ಬಗ, ದಾರಗ ಅಂದು ಮನೆವಾರ್ತೆಯ ಸಾಮಾನ್ಯ ಹೆಂಗಸರ ಮೈಮೇಲೆ ಬರುತ್ತಾರೆ. ಕೈಯಲ್ಲಿ ಅಡಿಕೆ ಹೂವಿನ ಪಿಂಗಾರ ಹಿಡಿದು ನಡುಗುತ್ತ, ಅಳುತ್ತ, ವರ್ಷಗಟ್ಟಲೆ ಒಳಗಿಟ್ಟ ಮಾತನ್ನು ಅಂಥ ಹೆಂಗಸೊಬ್ಬಳು ಹೊರಹಾಕುತ್ತಾಳೆ. ಸುತ್ತ ನಿಂತವರು ಅವಳ ಮಾತಿಗೆ ಕಿವಿಗೊಡಬೇಕಾದವರು. ಇಂದು ಅವರ ನಡುವೆ ಮೊಬೈಲಿನ ಬೆಳಕೂ ಉರಿಯುತ್ತಿರುತ್ತದೆ.

ಬೆಳಗ್ಗೆ ಅದೇ ಹೆಂಗಸು ಮಗಳೊಂದಿಗೆ ಬಸ್ಸಿಗೆ ಕಾಯುತ್ತಾಳೆ. ಚೀಲದಲ್ಲಿ ಪ್ರಸಾದ, ಬಾಡಿದ ಪಿಂಗಾರದ ಎಸಳು. ರಾತ್ರಿ ಏನೇನು ಆಡಿದೆ ಎಂಬುದು ಬಹಳ ಮಂದಿಗೆ ಸರಿಯಾಗಿ ನೆನಪಿರುವುದಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಹುಡುಗನ ಮೊಬೈಲಿನಲ್ಲಿ ಅವಳ ಅಳು ಓಡುತ್ತಿರಬಾರದು.