ಚಳಿಗೂ ಔಷಧಿಗೂ ಒಂದೇ ಕೀಲಿಕೈ: ಬ್ರಿಟನ್ನಿನ ಅಂಗವೈಕಲ್ಯ ಭತ್ಯೆ ನಡೆದು ಬಂದ ದಾರಿ

ವಾರಕ್ಕೆ 3 ಪೌಂಡ್ 15 ಪೆನ್ಸ್. ಬ್ರಿಟನ್ನಿನಲ್ಲಿ ಒಂಟಿಯಾಗಿ ಬದುಕುವ ಒಬ್ಬ ವೃದ್ಧೆಗೂ ಬೆಚ್ಚಗಿನ ಮನೆಗೂ ನಡುವೆ ಕೆಲವೊಮ್ಮೆ ಇದ್ದ ಅಂತರ ಇಷ್ಟೇ. 2025–26ರಲ್ಲಿ ಹೊಸ ಪದ್ಧತಿಯ ಪೂರ್ಣ ಸರ್ಕಾರಿ ಪಿಂಚಣಿ ವಾರಕ್ಕೆ 230.25 ಪೌಂಡ್ ಇತ್ತು. ಕಡಿಮೆ ಆದಾಯದ ವೃದ್ಧರಿಗೆಂದೇ ಇರುವ ‘ಪೆನ್ಷನ್ ಕ್ರೆಡಿಟ್’ ಸಿಗಬೇಕಾದರೆ ಒಂಟಿ ವ್ಯಕ್ತಿಯ ಆದಾಯ 227.10 ಪೌಂಡಿಗಿಂತ ಕಡಿಮೆ ಇರಬೇಕಿತ್ತು. ಬೇರೆ ಯಾವ ನೆರವೂ ಇಲ್ಲದ ವೃದ್ಧೆಗೆ ಆ ಮೂರು ಪೌಂಡಿನಿಂದಾಗಿ ಕರೆಂಟು ಬಿಲ್ಲಿನ 150 ಪೌಂಡ್ ರಿಯಾಯಿತಿ ಇಲ್ಲ, ಹಿಮಗಟ್ಟುವ ವಾರಗಳಿಗೆ ಕೊಡುವ 25 ಪೌಂಡ್ ಇಲ್ಲ, ಹಲ್ಲಿನ ಚಿಕಿತ್ಸೆಗೆ ತಾನಾಗಿ ಸಿಗುವ ವಿನಾಯಿತಿಯೂ ಇಲ್ಲ.

ಇದೇ ವೃದ್ಧೆಗೆ ಸಂಧಿವಾತ ಹೆಚ್ಚಾಗಿ, ಸ್ನಾನಕ್ಕೂ ಬಟ್ಟೆ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರ ಕೈ ಬೇಕಾಯಿತು ಎನ್ನೋಣ. ಅವರು ‘ಅಟೆಂಡೆನ್ಸ್ ಅಲೋಯನ್ಸ್’ಗೆ ಅರ್ಜಿ ಹಾಕುತ್ತಾರೆ, ಆ ವರ್ಷದ ಕೆಳದರವಾದ ವಾರಕ್ಕೆ 73.90 ಪೌಂಡ್ ಮಂಜೂರಾಗುತ್ತದೆ. ಇದನ್ನು ಆದಾಯವೆಂದು ಎಣಿಸುವುದಿಲ್ಲ. ಜೊತೆಗೆ ‘ತೀವ್ರ ಅಂಗವೈಕಲ್ಯ’ದ ಲೆಕ್ಕದಲ್ಲಿ ಪೆನ್ಷನ್ ಕ್ರೆಡಿಟ್‌ನ ಮಿತಿಗೆ 82.90 ಪೌಂಡ್ ಸೇರಿ ಅದು 310 ಪೌಂಡಿಗೆ ಏರುತ್ತದೆ. ಉಳಿತಾಯ ಹೆಚ್ಚಿಲ್ಲದಿದ್ದರೆ ಅವರಿಗೆ ವಾರಕ್ಕೆ 79.75 ಪೌಂಡ್ ಪೆನ್ಷನ್ ಕ್ರೆಡಿಟ್ ಬರುತ್ತದೆ, ಮುಚ್ಚಿದ್ದ ಬಾಗಿಲುಗಳೆಲ್ಲ ಒಟ್ಟಿಗೆ ತೆರೆಯುತ್ತವೆ. ಆದರೆ ಅವರನ್ನು ನೋಡಿಕೊಳ್ಳುವ ಮಗಳು ವಾರಕ್ಕೆ 83.30 ಪೌಂಡಿನ ‘ಕೇರರ್ಸ್ ಅಲೋಯನ್ಸ್’ ಪಡೆಯತೊಡಗಿದರೆ ತಾಯಿಯ ಆ 82.90 ಪೌಂಡ್ ರದ್ದು. ಮಿತಿ ಮತ್ತೆ ಕೆಳಗಿಳಿಯುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ.

ಕಾಯಿಲೆ ಅದೇ, ಮನೆ ಅದೇ, ಚಳಿ ಅದೇ. ಬದಲಾದದ್ದು ಕಾಗದದ ಮೇಲಿನ ಒಂದು ಸಾಲು ಮಾತ್ರ. ಅಂಗವೈಕಲ್ಯದಿಂದ ಬರುವ ಹೆಚ್ಚುವರಿ ಖರ್ಚನ್ನು ಒಪ್ಪಿಕೊಂಡ ಒಂದು ದೇಶ, ಆ ಖರ್ಚಿನ ಭಾಗಗಳಾದ ಉರುವಲನ್ನೂ ಔಷಧಿಯನ್ನೂ ಬಡತನದ ಕೀಲಿಕೈಗೆ ಕಟ್ಟಿಹಾಕಿದ್ದು ಹೇಗೆ? ಅದನ್ನು ತಿಳಿಯಲು ಎಂಟು ದಶಕ ಹಿಂದಕ್ಕೆ ಹೋಗಬೇಕು.

ಕಲ್ಲಿದ್ದಲಿನ ಕಾಲ

1942ರ ಬೆವರಿಜ್ ವರದಿಯ ಮೇಲೆ ಕಟ್ಟಿದ ಕಲ್ಯಾಣ ವ್ಯವಸ್ಥೆಯಲ್ಲಿ ಯುದ್ಧದಲ್ಲಿ ಗಾಯಗೊಂಡವರಿಗೆ, ಕಾರ್ಖಾನೆಯಲ್ಲಿ ಕೈಕಾಲು ಕಳೆದುಕೊಂಡವರಿಗೆ ಪಿಂಚಣಿಯಿತ್ತು. ಹುಟ್ಟಿನಿಂದ ಅಂಗವಿಕಲರಾದವರಿಗೆ, ಮನೆಯಲ್ಲೇ ದುಡಿಯುತ್ತಿದ್ದು ಕಾಯಿಲೆಬಿದ್ದ ಗೃಹಿಣಿಯರಿಗೆ ಅಂಥದ್ದೇನೂ ಇರಲಿಲ್ಲ. ಅವರಿಗಿದ್ದ ಕೊನೆಯ ಆಸರೆ 1948ರ ‘ನ್ಯಾಷನಲ್ ಅಸಿಸ್ಟೆನ್ಸ್’. ಅದರ ಅಧಿಕಾರಿಗಳು ಮನೆಗೆ ಬಂದು ನೋಡಿ, ಉರುವಲಿಗೆ ಇಷ್ಟು, ಪಥ್ಯಕ್ಕೆ ಇಷ್ಟು, ಬಟ್ಟೆ ಒಗೆಸಲು ಇಷ್ಟು ಎಂದು ಸೇರಿಸಬಹುದಿತ್ತು. 1966ರಲ್ಲಿ ಅದರ ಜಾಗಕ್ಕೆ ‘ಸಪ್ಲಿಮೆಂಟರಿ ಬೆನಿಫಿಟ್’ ಬಂದ ಮೇಲೂ ಈ ಉರುವಲು ಹೆಚ್ಚಳ ಮುಂದುವರಿಯಿತು. ಎದ್ದು ಓಡಾಡಲಾಗದವರು, ದೀರ್ಘ ಕಾಯಿಲೆಯವರು, ತೇವ ಹಿಡಿದ ಮನೆಯವರು ಇದರ ಫಲಾನುಭವಿಗಳು. 1980ರಲ್ಲಿ ಅದು ಅಧಿಕಾರಿಯ ಮರ್ಜಿಯಿಂದ ಬಿಡುಗಡೆಗೊಂಡು ಬರೆದಿಟ್ಟ ನಿಯಮವಾಯಿತು.

ಈ ವ್ಯವಸ್ಥೆಯಲ್ಲಿ ಮುಜುಗರವಿತ್ತು, ಪರಿಶೀಲನೆಗೆ ಬಂದವರ ಮುಂದೆ ಬಡತನ ಬಿಚ್ಚಿಡಬೇಕಿತ್ತು. ಆದರೆ ಒಂದು ಸತ್ಯವನ್ನು ಅದು ಹೆಸರಿಟ್ಟು ಹೇಳುತ್ತಿತ್ತು: ಕಾಯಿಲೆಯ ಮೈಗೆ ಹೆಚ್ಚು ಶಾಖ ಬೇಕು, ಅದಕ್ಕೆ ದುಡ್ಡು ಬೇಕು.

ಹೆಚ್ಚುವರಿ ಖರ್ಚಿಗೆ ಸಿಕ್ಕ ಮನ್ನಣೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದ್ದ ಮೇಗನ್ ಡು ಬ್ವಾಸಾನ್ ಮತ್ತು ಅವರ ಜೊತೆಗಾತಿ ಬೆರಿಟ್ ಮೂರ್ 1965ರಲ್ಲಿ ‘ಡಿಸೇಬಲ್‌ಮೆಂಟ್ ಇನ್‌ಕಮ್ ಗ್ರೂಪ್’ ಕಟ್ಟಿದರು. ಅಂಗವೈಕಲ್ಯ ಹೇಗೆ ಬಂತೆಂದು ಕೇಳದೆ, ಅದರ ಖರ್ಚು ಎಷ್ಟೆಂದು ಕೇಳಿ ಎಂಬುದು ಅವರ ಬೇಡಿಕೆಯ ತಿರುಳು. ಅಂಗವಿಕಲರ ಕುರಿತು ಸಂಸದ ಆಲ್ಫ್ ಮಾರಿಸ್ ತಂದ ಖಾಸಗಿ ಮಸೂದೆ 1970ರಲ್ಲಿ ಕಾಯ್ದೆಯಾಯಿತು. 1971ರಲ್ಲಿ ಅಟೆಂಡೆನ್ಸ್ ಅಲೋಯನ್ಸ್, 1976ರಲ್ಲಿ ಓಡಾಟದ ಖರ್ಚಿಗೆ ‘ಮೊಬಿಲಿಟಿ ಅಲೋಯನ್ಸ್’ ಬಂದವು. 1992ರಲ್ಲಿ ಇವೆರಡರ ಎಳೆಗಳನ್ನು ಹೆಣೆದು, 65 ತುಂಬುವ ಮೊದಲೇ ಅಂಗವಿಕಲರಾದವರಿಗೆ ‘ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್’ ಮಾಡಲಾಯಿತು.

ಈ ಭತ್ಯೆಗಳಿಗೆ ಆದಾಯ ಮಿತಿ ಇಲ್ಲ, ತೆರಿಗೆ ಇಲ್ಲ, ಹೀಗೇ ಖರ್ಚು ಮಾಡಬೇಕೆಂಬ ಷರತ್ತೂ ಇಲ್ಲ. ಇದು ಅಂಗವಿಕಲರ ಚಳವಳಿ ಗಳಿಸಿದ ದೊಡ್ಡ ಗೆಲುವು. ಆದರೆ ಹಣದ ಪ್ರಮಾಣ ನಿಗದಿಯಾದದ್ದು ಎಷ್ಟು ಹೊತ್ತು ಇನ್ನೊಬ್ಬರ ನೆರವು ಬೇಕು, ಎಷ್ಟು ದೂರ ನಡೆಯಬಲ್ಲರು ಎಂಬುದರ ಮೇಲೆ. ಮನೆ ಎಷ್ಟು ಬೆಚ್ಚಗಿರಬೇಕು ಎಂದು ಯಾರೂ ಕೇಳಲಿಲ್ಲ. 2013ರಿಂದ ದುಡಿಯುವ ವಯಸ್ಸಿನವರಿಗೆ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್‌ನ ಜಾಗಕ್ಕೆ ಬಂದ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’, ಅಂದರೆ ಪಿಪ್, ಅಡುಗೆ, ಊಟ, ಸ್ನಾನ, ಮಾತು, ನಡಿಗೆ ಹೀಗೆ ಹನ್ನೆರಡು ಚಟುವಟಿಕೆಗಳಿಗೆ ಅಂಕ ಕೊಡುತ್ತದೆ. ಎಂಟು ಅಂಕಕ್ಕೆ ಸಾಮಾನ್ಯ ದರ, ಹನ್ನೆರಡಕ್ಕೆ ಹೆಚ್ಚಿನ ದರ. ಆ ಹನ್ನೆರಡರಲ್ಲೂ ಚಳಿಗೆ ಅಂಕವಿಲ್ಲ.

1988: ಎಳೆ ತುಂಡಾದ ವರ್ಷ

1986ರ ಸಾಮಾಜಿಕ ಭದ್ರತಾ ಕಾಯ್ದೆ 1988ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಉರುವಲು ಹೆಚ್ಚಳ, ಪಥ್ಯದ ಹೆಚ್ಚಳ ಎರಡೂ ಹೋದವು. ಅವುಗಳ ಬದಲಿಗೆ ಬಂದದ್ದು ‘ಪ್ರೀಮಿಯಂ’ ಎಂಬ ಸಗಟು ಮೊತ್ತ. ಅಂಗವಿಕಲರಿಗೊಂದು, ತೀವ್ರ ಅಂಗವಿಕಲರಿಗೊಂದು, ಪಿಂಚಣಿದಾರರಿಗೊಂದು. ಲೆಕ್ಕ ಸರಳವಾಯಿತು, ಮನೆ ಮನೆ ತಪಾಸಣೆ ತಪ್ಪಿತು. ಆದರೆ ‘ನಿನ್ನ ಮನೆ ತಣ್ಣಗಿದೆಯೇ’ ಎಂಬ ಪ್ರಶ್ನೆ ಕಡತದಿಂದ ಮಾಯವಾಯಿತು.

ಅಂದಿನಿಂದ ಚಳಿಯ ನೆರವು ಬೇರೆಯೇ ದಾರಿ ಹಿಡಿಯಿತು. ‘ಕೋಲ್ಡ್ ವೆದರ್ ಪೇಮೆಂಟ್’ ಪ್ರಕಾರ, ನಿಮ್ಮ ಪಿನ್‌ಕೋಡಿಗೆ ಜೋಡಿಸಿದ ಹವಾಮಾನ ಕೇಂದ್ರದಲ್ಲಿ ಸತತ ಏಳು ದಿನ ಸರಾಸರಿ ಉಷ್ಣಾಂಶ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗಿದ್ದರೆ 25 ಪೌಂಡ್. ಅದೂ ಪೆನ್ಷನ್ ಕ್ರೆಡಿಟ್ ಇದ್ದವರಿಗೆ, ಇಲ್ಲವೇ ಬೇರೆ ಆದಾಯ-ಆಧಾರಿತ ನೆರವಿನ ಜೊತೆಗೆ ಅಂಗವೈಕಲ್ಯದ ಪ್ರೀಮಿಯಂನಂಥದ್ದು ಇದ್ದವರಿಗೆ. ಒಂದು ಡಿಗ್ರಿಯ ತೇವಭರಿತ ವಾರಕ್ಕೆ ಬಿಡಿಗಾಸಿಲ್ಲ. 1997ರಲ್ಲಿ ಹಣಕಾಸು ಸಚಿವ ಗಾರ್ಡನ್ ಬ್ರೌನ್ ತಂದ ‘ವಿಂಟರ್ ಫ್ಯೂಯಲ್ ಪೇಮೆಂಟ್’ ವಯಸ್ಸನ್ನೇ ಅರ್ಹತೆ ಮಾಡಿತು. ಗಟ್ಟಿಮುಟ್ಟಾದ ಪಿಂಚಣಿದಾರರಿಗೆ ಅದು ಸಿಕ್ಕಿತು, ಗಾಲಿಕುರ್ಚಿಯಲ್ಲಿ ಇಡೀ ದಿನ ಮನೆಯಲ್ಲೇ ಕೂರುವ ನಲವತ್ತರ ವ್ಯಕ್ತಿಗೆ ಎಂದೂ ಸಿಗಲಿಲ್ಲ. 2024ರಲ್ಲಿ ಅದನ್ನು ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗೆ ಸೀಮಿತಗೊಳಿಸಿದಾಗ ಎದ್ದ ಗದ್ದಲಕ್ಕೆ ಮಣಿದು, 2025ರಲ್ಲಿ 35,000 ಪೌಂಡ್ ವಾರ್ಷಿಕ ಆದಾಯದವರೆಗೂ ಮತ್ತೆ ಕೊಟ್ಟರು. ಈ ಇಡೀ ಜಗಳದಲ್ಲೂ ದುಡಿಯುವ ವಯಸ್ಸಿನ ಅಂಗವಿಕಲರು ಹೊರಗೇ ಉಳಿದರು.

ಬಿಲ್ಲಿನ ರಿಯಾಯಿತಿಯಿಂದ ಬಿಟ್ಟುಹೋದವರು

2011ರಲ್ಲಿ ಶುರುವಾದ ‘ವಾರ್ಮ್ ಹೋಮ್ ಡಿಸ್ಕೌಂಟ್’ ಕರೆಂಟು ಬಿಲ್ಲಿನಲ್ಲೇ ಕಡಿತ ಕೊಡುವ ಯೋಜನೆ. ಮೊದಲಿಗೆ ವಿದ್ಯುತ್ ಕಂಪನಿಗಳು ತಮ್ಮ ನಿಯಮದಂತೆ ಕಡಿಮೆ ಆದಾಯದ ಅಂಗವಿಕಲರಿಂದಲೂ ಅರ್ಜಿ ಪಡೆಯಬಹುದಿತ್ತು. 2022ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಅರ್ಜಿ ತೆಗೆದು, ಸರ್ಕಾರಿ ದಾಖಲೆಗಳಿಂದಲೇ ಫಲಾನುಭವಿಗಳನ್ನು ಗುರುತಿಸುವ ಪದ್ಧತಿ ಬಂತು. ರಿಯಾಯಿತಿ 140ರಿಂದ 150 ಪೌಂಡಿಗೆ ಏರಿತು. ಆದರೆ ಪಿಪ್, ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್, ಅಟೆಂಡೆನ್ಸ್ ಅಲೋಯನ್ಸ್ ಇವು ಅರ್ಹತೆಯ ಪಟ್ಟಿಯಲ್ಲಿ ಉಳಿಯಲಿಲ್ಲ. ಪೆನ್ಷನ್ ಕ್ರೆಡಿಟ್‌ನವರನ್ನು ಬಿಟ್ಟರೆ ಉಳಿದವರಿಗೆ ಆದಾಯ-ಆಧಾರಿತ ನೆರವು ಬೇಕಿತ್ತು, ಜೊತೆಗೆ ಮನೆಯ ವಯಸ್ಸು, ಅಳತೆ, ಬಗೆ ನೋಡಿ ‘ಬೆಚ್ಚಗಿಡಲು ದುಬಾರಿ’ ಎಂದು ಲೆಕ್ಕದಲ್ಲಿ ಬರಬೇಕಿತ್ತು. ಗೋಡೆಯ ವಯಸ್ಸು ಲೆಕ್ಕಕ್ಕೆ ಬಂತು, ಗೋಡೆಯೊಳಗಿನ ಮೈಯ ಸ್ಥಿತಿ ಬರಲಿಲ್ಲ. ಇಂಧನ ಬೆಲೆ ಆಕಾಶಕ್ಕೇರಿದ್ದ ಚಳಿಗಾಲ ಅದು. ಅಂಗವೈಕಲ್ಯ ಭತ್ಯೆಯವರಿಗೆ 2022ರಲ್ಲಿ 150, 2023ರಲ್ಲಿ ಮತ್ತೆ 150 ಪೌಂಡ್ ವಿಶೇಷವಾಗಿ ಕೊಟ್ಟರು, ಅಲ್ಲಿಗೆ ನಿಂತಿತು. 2025–26ಕ್ಕೆ ಮನೆಯ ಷರತ್ತನ್ನು ಕೈಬಿಟ್ಟದ್ದರಿಂದ ಇನ್ನೂ ಸುಮಾರು 27 ಲಕ್ಷ ಕುಟುಂಬಗಳು ಒಳಬರಲಿವೆ ಎಂದು ಸರ್ಕಾರ ಹೇಳಿತು. ಒಳ್ಳೆಯದೇ. ಆದರೂ ಕೀಲಿಕೈ ಆದಾಯ-ಆಧಾರಿತ ನೆರವಿನ ಕೈಯಲ್ಲೇ ಇದೆ.

ಸರ್ಕಾರಕ್ಕೆ ಈ ಸಮಸ್ಯೆ ತಿಳಿಯದೇ ಇಲ್ಲ. ಇಂಧನ ಬಡತನ ಅಳೆಯುವ ಇಂಗ್ಲೆಂಡಿನ 2021ರ ಹೊಸ ವಿಧಾನದಲ್ಲಿ ಅಂಗವೈಕಲ್ಯ ಭತ್ಯೆಗಳನ್ನು ಆದಾಯದಿಂದ ಹೊರಗಿಟ್ಟರು, ಏಕೆಂದರೆ ಅವು ಬೇರೆ ಖರ್ಚಿಗೆ ಮೀಸಲಾದ ಹಣ. ಹಾಗೆ ಒಪ್ಪಿಕೊಂಡ ಸರ್ಕಾರವೇ ಮರುವರ್ಷ ಬಿಲ್ಲಿನ ರಿಯಾಯಿತಿಯಿಂದ ಅದೇ ಜನರನ್ನು ಹೊರಗಿಟ್ಟಿತು. ಅಂಗವಿಕಲರ ಪರ ದುಡಿಯುವ ‘ಸ್ಕೋಪ್’ ಸಂಸ್ಥೆಯ ಅಂದಾಜಿನಲ್ಲಿ ಅಂಗವಿಕಲರಿರುವ ಕುಟುಂಬದ ಹೆಚ್ಚುವರಿ ಖರ್ಚು 2024ರ ಹೊತ್ತಿಗೆ ತಿಂಗಳಿಗೆ 1,010 ಪೌಂಡ್. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎನ್ನುತ್ತದೆ. ಅಲುಗಾಡದೆ ಕೂತಿರುವ ಮೈಗೆ ಅದೂ ಸಾಲದು. ಚಳಿಗೆ ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿಗೆ ತಡೆಯಲಾಗದ ನೋವು ಬರಬಹುದು.

ಔಷಧಿ ಚೀಟಿಯ ಕತೆ

1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಔಷಧಿ ಉಚಿತ. ಹಲ್ಲು, ಕನ್ನಡಕಗಳಿಗೆ ಶುಲ್ಕ ಹಾಕುವುದನ್ನು ವಿರೋಧಿಸಿ ಅದರ ಶಿಲ್ಪಿ ಅನೈರಿನ್ ಬೆವನ್ 1951ರಲ್ಲಿ ಮಂತ್ರಿಗಿರಿ ಬಿಟ್ಟರು. 1952ರಲ್ಲಿ ಔಷಧಿ ಚೀಟಿಗೂ ಒಂದು ಶಿಲಿಂಗ್ ಶುಲ್ಕ ಬಂತು. 1965ರಲ್ಲಿ ಹೋಯಿತು, 1968ರಲ್ಲಿ ವಿನಾಯಿತಿಯ ಪಟ್ಟಿಯೊಂದಿಗೆ ಮರಳಿತು. ಇಂಗ್ಲೆಂಡಿನಲ್ಲಿ ಆ ಪಟ್ಟಿಯ ಕಾಯಿಲೆಗಳಿಗೆ 2009ರಲ್ಲಿ ಕ್ಯಾನ್ಸರ್ ಸೇರಿತು, ಬೇರೆ ಬದಲಾವಣೆ ಅಷ್ಟಾಗಿ ಆಗಿಲ್ಲ. ಮಧುಮೇಹದ ಔಷಧಿ ತೆಗೆದುಕೊಳ್ಳುವವರಿಗೆ, ಅಪಸ್ಮಾರದವರಿಗೆ, ಇನ್ನೊಬ್ಬರ ನೆರವಿಲ್ಲದೆ ಹೊರಗೆ ಹೋಗಲಾಗದವರಿಗೆ ವಿನಾಯಿತಿಯಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಸಿಕಲ್ ಸೆಲ್, ಸಿಸ್ಟಿಕ್ ಫೈಬ್ರೋಸಿಸ್ ಪಟ್ಟಿಯಲ್ಲಿಲ್ಲ. ಪಟ್ಟಿ ಬರೆದ ಕಾಲದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಕ್ಕಳು ದೊಡ್ಡವರಾಗುವವರೆಗೆ ಬದುಕುತ್ತಿದ್ದುದೇ ಅಪರೂಪ. ಇಂದು ಅವರು ಬದುಕುತ್ತಿದ್ದಾರೆ, ಬದುಕಿದ್ದಕ್ಕೆ ಶುಲ್ಕ ಕಟ್ಟುತ್ತಿದ್ದಾರೆ. ದೀರ್ಘ ಕಾಯಿಲೆಗಳಿಗೆಲ್ಲ ವಿನಾಯಿತಿ ಕೊಡಿ ಎಂಬ ಇಯಾನ್ ಗಿಲ್ಮೋರ್ ವರದಿ 2010ರಲ್ಲಿ ಪ್ರಕಟವಾಯಿತು, ಜಾರಿಯಾಗಲಿಲ್ಲ.

ಇಲ್ಲೂ ಅದೇ ಬಿರುಕು. ಅತಿ ಹೆಚ್ಚಿನ ದರದ ಪಿಪ್ ಇದ್ದರೂ ಇಂಗ್ಲೆಂಡಿನಲ್ಲಿ ಅದರಿಂದಲೇ ಔಷಧಿ ಉಚಿತವಾಗುವುದಿಲ್ಲ. ದುಡಿದು ವಿಮೆ ಕಟ್ಟಿ ಗಳಿಸಿದ ಅನಾರೋಗ್ಯ ಭತ್ಯೆಯಿಂದಲೂ ಆಗುವುದಿಲ್ಲ, ಆದಾಯ-ಆಧಾರಿತವಾದುದು ಬೇಕು. ಯಾವ ವಿನಾಯಿತಿಯೂ ಇಲ್ಲದವರು ಪ್ರತಿ ಔಷಧಿಗೆ 9.90 ಪೌಂಡ್, ಇಲ್ಲವೇ ವರ್ಷಕ್ಕೆ 114.50 ಪೌಂಡ್ ಮುಂಗಡ ಕಟ್ಟಬೇಕು. ‘ಎಚ್‌ಸಿ1’ ಎಂಬ ಅರ್ಜಿ ತುಂಬಿ ಕಡಿಮೆ ಆದಾಯ ಸಾಬೀತುಮಾಡಿದರೆ ಪೂರ್ಣ ಅಥವಾ ಭಾಗಶಃ ವಿನಾಯಿತಿ ಉಂಟು. ಒಳ್ಳೆಯ ಸಂಗತಿಯೆಂದರೆ ಆ ಲೆಕ್ಕದಲ್ಲಿ ಪಿಪ್ ಆದಾಯವೆನಿಸುವುದಿಲ್ಲ. ಕೆಟ್ಟ ಸಂಗತಿಯೆಂದರೆ ಅನೇಕರಿಗೆ ಆ ಅರ್ಜಿಯ ಹೆಸರೇ ಗೊತ್ತಿಲ್ಲ. ಹಳೆಯ ಆದಾಯ-ಆಧಾರಿತ ನೆರವುಗಳ ಜಾಗಕ್ಕೆ ‘ಯೂನಿವರ್ಸಲ್ ಕ್ರೆಡಿಟ್’ ಬಂದು ವರ್ಷಗಳಾದರೂ ಔಷಧಿ ಚೀಟಿಯ ಹಿಂಬದಿಯಲ್ಲಿ ಅದಕ್ಕೊಂದು ಚೌಕವೇ ಇರಲಿಲ್ಲ. ತಪ್ಪು ಚೌಕಕ್ಕೆ ಗುರುತು ಹಾಕಿದವರಿಗೆ 100 ಪೌಂಡ್‌ವರೆಗೆ ದಂಡದ ನೋಟಿಸು ಬರಬಹುದಿತ್ತು. ಹಾಗೆ ಹೋದ ಬಹಳಷ್ಟು ನೋಟಿಸುಗಳನ್ನು, ಅವರು ನಿಜಕ್ಕೂ ಅರ್ಹರೆಂದು ತಿಳಿದ ಮೇಲೆ ಹಿಂಪಡೆದದ್ದನ್ನು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಬಯಲು ಮಾಡಿತು.

ವೇಲ್ಸ್ 2007ರಲ್ಲಿ, ಉತ್ತರ ಐರ್ಲೆಂಡ್ 2010ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಈ ಶುಲ್ಕವನ್ನೇ ಕಿತ್ತೊಗೆದವು.

ಕನ್ನಡದ ಮನೆಗಳಲ್ಲಿ

ಈ ಆರೋಗ್ಯ ಸೇವೆಯಲ್ಲಿ ದುಡಿದ, ದುಡಿಯುತ್ತಿರುವ ಕನ್ನಡಿಗ ವೈದ್ಯರು ಬಹಳ. ಅಲ್ಲೇ ವೃದ್ಧರಾದ ಕನ್ನಡಿಗರಿಗೂ ಇವೇ ನಿಯಮ. ಅರ್ಜಿಯಲ್ಲಿ ‘ಬಟ್ಟೆ ಹಾಕಿಕೊಳ್ಳಲು ಕಷ್ಟವೇ’ ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಬಾಯಲ್ಲಿ ಬರುವ ಉತ್ತರ ‘ಪರವಾಗಿಲ್ಲ, ಹೇಗೋ ಮಾಡ್ಕೋತೀನಿ’. ಅದು ಸ್ವಾಭಿಮಾನದ ಮಾತು. ಕಡತದಲ್ಲಿ ಮಾತ್ರ ಅದು ‘ಕಷ್ಟವಿಲ್ಲ’ ಎಂದು ದಾಖಲಾಗುತ್ತದೆ, ಅದರ ಬೆನ್ನಿಗೆ ಚಳಿಯ ನೆರವೂ ಹೋಗುತ್ತದೆ. ಗುಂಡಿ ಹಾಕಲು ಎಷ್ಟು ಹೊತ್ತು ಬೇಕು, ಆಮೇಲೆ ಎಷ್ಟು ನೋವು, ಯಾರು ಸೊಂಟ ಹಿಡಿದು ನಿಲ್ಲಿಸಬೇಕು ಎಂಬುದನ್ನು ಪಕ್ಕದಲ್ಲಿ ಕೂತು ಬರೆಸುವ ಮಕ್ಕಳು ಬೇಕು. ವೀಸಾದ ಮೇಲೆ ಇರುವವರಿಗೆ ಸಾಮಾನ್ಯವಾಗಿ ಈ ಭತ್ಯೆಗಳೇ ಇಲ್ಲ. ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ ಮೇಲೂ ಇಂಗ್ಲೆಂಡಿನಲ್ಲಿ ಔಷಧಿಗೆ ಬೇರೆ ಕಟ್ಟಬೇಕು. ಆದರೆ ಎಚ್‌ಸಿ1 ಅರ್ಜಿ ಅವರಿಗೂ ತೆರೆದಿದೆ.

ಮುಂದಿನ ದಾರಿ

ಬೇರೆ ದಾರಿ ಸಾಧ್ಯ ಎಂಬುದನ್ನು ಸ್ಕಾಟ್ಲೆಂಡ್ ತೋರಿಸಿದೆ. 2020ರ ಚಳಿಗಾಲದಿಂದ ಅಲ್ಲಿ ಅತಿ ಹೆಚ್ಚಿನ ಆರೈಕೆ ದರ ಪಡೆಯುವ ಅಂಗವಿಕಲ ಮಕ್ಕಳ ಮನೆಗೆ ಚಳಿಗಾಲಕ್ಕೊಮ್ಮೆ ಹಣ ಹೋಗುತ್ತದೆ. ಮೊದಲ ವರ್ಷ ಅದು 200 ಪೌಂಡ್. ತಂದೆತಾಯಿಯ ಆದಾಯ ಕೇಳುವುದಿಲ್ಲ, ಥರ್ಮಾಮೀಟರ್ ನೋಡುವುದಿಲ್ಲ. ಆ ಮಗುವಿಗೆ ಬೆಚ್ಚಗಿನ ಮನೆ ಬೇಕು ಎಂಬುದಕ್ಕೆ ಭತ್ಯೆಯ ಆದೇಶವೇ ಪುರಾವೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲೂ ಚಳಿಗೆ ಉಲ್ಬಣಿಸುವ ಕಾಯಿಲೆಯವರಿಗೆ ಔಷಧಿಯಂತೆ ಮನೆಯ ಶಾಖವನ್ನೇ ಬರೆದುಕೊಡುವ ‘ವಾರ್ಮ್ ಹೋಮ್ ಪ್ರಿಸ್ಕ್ರಿಪ್ಷನ್’ ಎಂಬ ಸಣ್ಣ ಪ್ರಯೋಗ ನಡೆಯಿತು. ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಂಡವರಿಗೆ ಅದರ ಕರೆಂಟಿನ ಹಣ ಹಿಂದಿರುಗಿಸುವ ಪದ್ಧತಿ ಈಗಾಗಲೇ ಇದೆ. ಯಂತ್ರ ನಡೆಯಲು ಬೇಕಾದ ಕರೆಂಟು ಚಿಕಿತ್ಸೆಯ ಭಾಗವಾದರೆ, ಆ ಯಂತ್ರದ ಪಕ್ಕ ಮಲಗಿದವರ ಕೋಣೆ ಬೆಚ್ಚಗಿಡುವ ಕರೆಂಟು ಏಕಲ್ಲ?

2025ರಲ್ಲಿ ಪಿಪ್ ಅರ್ಹತೆಯನ್ನು ಬಿಗಿಗೊಳಿಸುವ ಪ್ರಸ್ತಾಪಕ್ಕೆ ಆಡಳಿತ ಪಕ್ಷದಲ್ಲೇ ವಿರೋಧ ಎದ್ದಾಗ ಸರ್ಕಾರ ಅದನ್ನು ಬದಿಗಿಟ್ಟು, ಸಚಿವ ಸ್ಟೀಫನ್ ಟಿಮ್ಸ್ ನೇತೃತ್ವದಲ್ಲಿ ಮರುಪರಿಶೀಲನೆಗೆ ಒಪ್ಪಿತು. ಅಂಕಗಳ ಚರ್ಚೆ ಮತ್ತೆ ನಡೆಯುತ್ತದೆ. ಆ ಚರ್ಚೆಯ ನಡುವೆ 1988ರಲ್ಲಿ ಕಡತದಿಂದ ಬಿಟ್ಟುಹೋದ ಪ್ರಶ್ನೆಯೂ ಒಳಗೆ ಬರಬೇಕು. ಒಬ್ಬರ ಮೈ ಎಷ್ಟು ನಿತ್ರಾಣವಾಗಿದೆ ಎಂದು ಪುಟಗಟ್ಟಲೆ ಬರೆಸಿಕೊಂಡು, ಅಳೆದು, ಅಂಕ ಕೊಟ್ಟು, ಹೌದೆಂದು ಒಪ್ಪಿದ ಸರ್ಕಾರ, ಅದೇ ವ್ಯಕ್ತಿ ಚಳಿಗೆ ಹೀಟರ್ ಹಾಕಲು, ಔಷಧಿ ಕೊಳ್ಳಲು ಬಂದಾಗ ಮತ್ತೊಮ್ಮೆ ಬಡತನದ ಪುರಾವೆ ಕೇಳಬಾರದು. ಆ ಒಂದು ಆದೇಶಪತ್ರವೇ ಸಾಕಾಗಬೇಕು.